ಒಣಗದ ಕೇರಿ

ಮೇ ತಿಂಗಳು ಬಂತೆಂದರೆ ಊಟಿಗೆ ಬರುವವರಿಗೆ ಸೀಸನ್, ನನಗೆ ಮಣ್ಣು ಕಲಸುವ ಕೆಲಸ. ವರ್ಷವಿಡೀ ಶಾಲೆಯಲ್ಲಿ ಕೂಗಿ ಕೂಗಿ ಗಂಟಲು ಹೋಗಿರುತ್ತಿತ್ತು. ರಜೆಯಲ್ಲಾದರೂ ಕಾಲು ಚಾಚೋಣವೆಂದರೆ, ಒಮ್ಮೆ ಕೊಯಮತ್ತೂರಿನಲ್ಲಿ ಕುಂಬಾರಿಕೆಯ ತರಬೇತಿ ಪಡೆದ ತಪ್ಪಿಗೆ ನಮ್ಮೂರು ಇತ್ತಲಾರಿನ ಮಕ್ಕಳೆಲ್ಲ ನನ್ನ ಜಗಲಿಗೇ ಬರುತ್ತಿದ್ದರು. ತಾಯಂದಿರು ತೋಟದಲ್ಲಿ ಟೀ ಎಲೆ ಕೀಳುವವರು. ಮಕ್ಕಳು ಎಲ್ಲೋ ಒಂದು ಕಡೆ ಕೂತಿದ್ದರೆ ಸಾಕು ಅವರಿಗೆ.

ನಮ್ಮ ಬೆಟ್ಟದ ಕೆಂಪು ಮಣ್ಣು ಟೀ ಗಿಡಕ್ಕೆ ಸರಿ, ಮಡಕೆಗಲ್ಲ. ಕ್ಯಾರೆಟ್ಟು, ಕೋಸು ಹೊತ್ತು ಮೆಟ್ಟುಪಾಳ್ಯಕ್ಕೆ ಇಳಿದ ಲಾರಿ ಖಾಲಿ ವಾಪಸಾಗುವಾಗ ಗೊಬ್ಬರದ ಚೀಲಗಳಲ್ಲಿ ಜೇಡಿಮಣ್ಣು ತರುತ್ತಿತ್ತು. ಕಲ್ಲು ಆರಿಸಿ, ನಾದಿ ಕೊಡುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು. ಅದಕ್ಕಿಂತ ಕಷ್ಟ ಮಾಡಿದ್ದನ್ನು ಒಣಗಿಸುವುದು. ಕೆನ್ನೆಗೆ ಒತ್ತಿಕೊಂಡು ನೋಡಬೇಕು, ತಣ್ಣಗಿದ್ದರೆ ಒಳಗಿನ್ನೂ ನೀರಿದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಹೇಳಿದವರು ಬಯಲಿನವರು. ನಮ್ಮೂರ ಮಂಜಿನಲ್ಲಿ ಕೆನ್ನೆಗೆ ಏನು ಒತ್ತಿಕೊಂಡರೂ ತಣ್ಣಗೇ ಇರುತ್ತದೆ, ಗಂಡನ ಕೈ ಕೂಡ.

ಆ ವರ್ಷ ಬಂದವರಲ್ಲಿ ಎಂಟೊಂಬತ್ತು ವರ್ಷದ ಒಬ್ಬ ಹುಡುಗಿ. ಅಪ್ಪ ಎಮರಾಲ್ಡ್ ಅಣೆಕಟ್ಟೆಯ ಕರೆಂಟ್ ಆಫೀಸಿನಲ್ಲಿದ್ದ, ಈರೋಡಿಗೆ ವರ್ಗವಾಗಿತ್ತು. ಬರುವ ಭಾನುವಾರ ಮನೆಮಂದಿಯೆಲ್ಲ ಇಳಿದು ಹೋಗುವವರು. ಉಳಿದವರು ಆನೆ, ದೀಪ ಮಾಡುತ್ತಿದ್ದರೆ ಇವಳು ನಮ್ಮ ಕೇರಿಯನ್ನೇ ಮಾಡಿದಳು: ಗೋಡೆಗೆ ಗೋಡೆ ಅಂಟಿದ ಮನೆಗಳ ಸಾಲು, ಬೆರಳಿನಿಂದ ಚುಚ್ಚಿದ ಬಾಗಿಲುಗಳು. ಅದನ್ನು ಸುಟ್ಟು ಈರೋಡಿಗೆ ಒಯ್ಯಬೇಕು, ಅದೊಂದೇ ಹಟ. ಹಸಿಯಿದ್ದರೆ ಬೆಂಕಿಯಲ್ಲಿ ಸಿಡಿಯುತ್ತದೆ ಎಂದಿದ್ದೆ. ದಿನಾ ಬೆಳಿಗ್ಗೆ ಬಂದು ಕೆನ್ನೆಗೆ ಒತ್ತಿಕೊಂಡು ನನ್ನ ಮುಖ ನೋಡುವಳು. ನಾನು ಇಲ್ಲವೆಂದು ತಲೆ ಅಲ್ಲಾಡಿಸುವೆ. ಆ ನೋಟ ಎದುರಿಸಲಾರದೆ ಅಡುಗೆಮನೆಯಿಂದ ಹೊರಗೆ ಬರುವುದನ್ನೇ ತಡಮಾಡುತ್ತಿದ್ದೆ.

ಪಕ್ಕದ ಮನೆಯಲ್ಲಿದ್ದ ನನ್ನ ತಮ್ಮ ಟೀ ಫ್ಯಾಕ್ಟರಿಯಲ್ಲಿ ಎಲೆ ಬಾಡಿಸುವವನು. ಮಳೆಯಲ್ಲಿ ನೆನೆದು ಬಂದ ಎಲೆಯನ್ನೂ ಬಲೆಯ ಮೇಲೆ ಹರಡಿ ಅಡಿಯಿಂದ ಬಿಸಿಗಾಳಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಬಾಡಿರುತ್ತದೆ. ನಮ್ಮ ಜನಕ್ಕೆ ಒಣಗಿಸುವುದೆಂದರೆ ಅಷ್ಟೇ. ಶುಕ್ರವಾರ ನಾನು ಪೇಟೆಗೆ ಹೋಗಿದ್ದಾಗ ಭಾನುವಾರದೊಳಗೆ ಒಣಗಲೆಂದು ಅವನು ಮಕ್ಕಳು ಮಾಡಿದ್ದೆಲ್ಲವನ್ನೂ ಹಲಗೆಸಮೇತ ಫ್ಯಾಕ್ಟರಿಗೆ ಹೊತ್ತೊಯ್ದು, ಮರುದಿನ ಬೆಳಿಗ್ಗೆ ತಂದಿಟ್ಟ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದ. ಮೇಲಷ್ಟೇ ಬೇಗ ಒಣಗಿ, ಒಳಗೆ ಹಸಿ ಉಳಿದು, ಆನೆಗಳೆಲ್ಲ ಬಿರಿದಿದ್ದವು. ಕೇರಿ ಮೂರು ತುಂಡಾಗಿತ್ತು. ಮಣ್ಣಿಗೆ ಟೀ ವಾಸನೆ ಬೇರೆ.

"ಲೀಫೇ ಒಂದು ರಾತ್ರೆಗ ಬಾಡುತು, ಅಕ್ಕ. ಇದು ಮಣ್ಣು ತಾನೆ ಅಂತ..." ಎಂದ.

ಬಾಯಿಗೆ ಬಂದಂತೆ ಬೈದೆ. ಬೈಯುವುದಕ್ಕೂ ತ್ರಾಣ ಇರಲಿಲ್ಲ. ಅರ್ಧಕ್ಕೇ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಹುಡುಗಿ ಬಂದಳು, ನೋಡಿದಳು. ಈಗ ಅಳುತ್ತಾಳೆ ಎಂದು ಕಾದೆ. ಸುಡದ ಮಣ್ಣನ್ನು ನೀರಿಗೆ ಹಾಕಿದರೆ ಮತ್ತೆ ಮಣ್ಣೇ ಎಂದು ಮೊದಲ ದಿನ ನಾನೇ ಹೇಳಿದ್ದೆ. ಅವಳು ಕೇರಿಯನ್ನು ಇನ್ನೂ ಸಣ್ಣಗೆ ಮುರಿದು ಬಕೆಟ್ಟಿನಲ್ಲಿ ನೆನೆಹಾಕಿದಳು. ಸಂಜೆ ಬಂದು ಮುದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಕೊಂಡಳು.

"ನಾ ಕೊಂಡೋಪೆ, ಟೀಚರ್. ಅಲ್ಲಿ ವೆಯಿಲು ಹೆಚ್ಚಂತೆ." ಈರೋಡಿನ ಬಿಸಿಲಲ್ಲಿ ಮತ್ತೆ ಕೇರಿ ಮಾಡಿ ಒಣಗಿಸುವುದು ಅವಳ ಲೆಕ್ಕ.

"ಯಾವ ಮನೆ ಎಲ್ಲಿ ಅಂತ ನೆಪ್ಪಿರುತ್ತಾ?" ಎಂದೆ.

ಕಣ್ಣು ಮುಚ್ಚಿ ಮೇಲಿನ ಮನೆಯಿಂದ ಒಂದೊಂದಾಗಿ ಹೇಳುತ್ತಾ ಬಂದಳು. ಎಲ್ಲೂ ತಪ್ಪಲಿಲ್ಲ. ನನ್ನ ಮನೆ ಬಂದಾಗ, "ಇಲ್ಲಿ ಜಗಲಿ, ಜಗಲಿಲಿ ನೀವು" ಎಂದಳು.

ಭಾನುವಾರ ಕೋಸಿನ ಲಾರಿಯಲ್ಲೇ ಅವರ ಸಾಮಾನು ಬೆಟ್ಟ ಇಳಿಯಿತು. ಕೆಳಗಿನಿಂದ ಬಂದ ಮಣ್ಣು ನಮ್ಮೂರಲ್ಲಿ ಒಣಗದೆಯೇ ಬಂದ ದಾರಿ ಹಿಡಿಯಿತು. ಸೋಮವಾರ ಉಳಿದ ಮಕ್ಕಳಿಗಾಗಿ ಮತ್ತೆ ಕಲಸಲು ಕೂತಾಗ ಅಳು ಬಂತು. ಕೈಯೆಲ್ಲ ಮಣ್ಣು, ಕಣ್ಣು ಒರೆಸಿಕೊಳ್ಳಲಿಲ್ಲ.