ಕೋಲ್ಖರು ಮತ್ತು ಪಾಲಮೂರಿನವರು

ಹೈದರಾಬಾದಿನ ನಾರಾಯಣಗೂಡದ ಕಾಲೇಜೊಂದರಲ್ಲಿ ಮಧ್ಯಯುಗದ ಚರಿತ್ರೆ ಕಲಿಸುತ್ತೇನೆ. ಒಂದು ಪಾಠ ಬಂದಾಗಲೆಲ್ಲ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಜಾರ್ಜಿಯಾದ ಜನ ತಮ್ಮನ್ನು ಕಾರ್ತ್ವೇಲಿ ಎಂದು ಕರೆದುಕೊಂಡರೆ, ಗ್ರೀಕ್ ಪಂಡಿತರು ಅವರನ್ನು ಇಬೇರರು ಎಂದರು. ಕಡಲ ಕಡೆಯವರನ್ನು ಲಾಜರು, ಅಬಾಸ್ಗರು ಎಂದರು. ಪಾಂಡಿತ್ಯ ಮೆರೆಯಬೇಕೆನಿಸಿದಾಗ ಹಳೆಯ ಪುಸ್ತಕಗಳಲ್ಲಷ್ಟೇ ಉಳಿದಿದ್ದ ಕೋಲ್ಖರ ಹೆಸರನ್ನೇ ತಂದು ಕಣ್ಣೆದುರಿಗಿದ್ದವರಿಗೆ ಅಂಟಿಸಿದರು. ನೀವು ಯಾರಪ್ಪಾ ಎಂದು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ನಮ್ಮ ಅಪಾರ್ಟ್‌ಮೆಂಟಿನವರೂ ಕೇಳಿರಲಿಲ್ಲ. ಕೆಳಗೆ ಪಾರ್ಕಿಂಗ್ ಪಕ್ಕದ ಕೋಣೆಯಲ್ಲಿ ವಾಚ್‌ಮನ್, ಅವನ ಹೆಂಡತಿ, ಒಂದು ಕೂಸು ಇದ್ದರು. ಯಾದಗಿರಿ ಕಡೆಯವರು. ಆದರೆ ಹೈದರಾಬಾದಿನಲ್ಲಿ ದುಡಿಯಲು ಬಂದ ಬಡವರೆಲ್ಲ ಪಾಲಮೂರಿನವರೇ. ಹಿಂದೆ ಪಾಲಮೂರು ಜಿಲ್ಲೆಯಿಂದ ಬಂದ ಕೂಲಿಗಳ ಹೆಸರು ಈಗ ಎಲ್ಲಿಂದ ಬಂದವರಿಗೂ ಅಂಟುತ್ತದೆ. ಇವರೂ ಹೂಂ ಎನ್ನುತ್ತಿದ್ದರು. ನಾನು ಬೀದರಿನವಳೆಂದು ತಿಳಿದ ಮೇಲೂ, ಮೆಟ್ಟಿಲ ಮೇಲೆ ಯಾರೂ ಇಲ್ಲದಾಗ ಮಾತ್ರ ಆಕೆ ಕನ್ನಡ ಆಡುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡಿದ್ದೆ.

ಹೋದ ಬೇಸಿಗೆಯಲ್ಲಿ ಬೋರಿನ ಮೋಟರ್ ಕಳುವಾಯಿತು. ಲಿಫ್ಟಿನಲ್ಲಿ ಜನ ದನಿ ತಗ್ಗಿಸಿ ಮಾತಾಡತೊಡಗಿದರು. ಹೊಸದಾಗಿ ಒಂದು ಕ್ಯಾಮರಾ ಬಂತು. ಅದರ ಮುಖ ಗೇಟಿನ ಕಡೆಗಿರಲಿಲ್ಲ, ವಾಚ್‌ಮನ್ ಕೋಣೆಯ ಬಾಗಿಲಿಗಿತ್ತು. 

ಆ ಭಾನುವಾರದ ಮೀಟಿಂಗಿನಲ್ಲಿ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ, "ಈ ಪಾಲಮೂರಿನವರೇ ಹೀಗೆ" ಎಂದರು. ನನಗೆ ತಡೆಯಲಾಗಲಿಲ್ಲ.

"ಅವರು ಪಾಲಮೂರಿನವರಲ್ಲ, ಯಾದಗಿರಿಯವರು. ನಮ್ಮ ಕಡೆಯವರು. ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸ ಮಾಡುವವರೂ ಅವರ ಊರಿನವರೇ. ಎಲ್ಲ ಮರ್ಯಾದಸ್ಥರು" ಎಂದೆ. ಸರಿಯಾದ ಹೆಸರು ಹೇಳಿದರೆ ಅವರನ್ನು ಮನುಷ್ಯರಂತೆ ಕಂಡಾರು ಎಂದು ನಂಬಿದ್ದೆ.

"ಓಹೋ, ಇಷ್ಟು ಜನ ಒಂದೇ ಊರಿನವರಾ?" ಎಂದು ಸೆಕ್ರೆಟರಿ ತೆಲುಗಿನಲ್ಲಿ ಮೆಲ್ಲಗೆ ಕೇಳಿದರು.

ಮರುದಿನ ಸಂಜೆ ಕಾಲೇಜಿನಿಂದ ಬಂದಾಗ ಆಕೆ ಗಂಟು ಕಟ್ಟುತ್ತಿದ್ದಳು. ಕೋಣೆ ಖಾಲಿ ಮಾಡಲು ಹೇಳಿದ್ದರು. ನಾನು ಏನೋ ಸಮಾಧಾನ ಹೇಳಲು ಹೋದೆ.

"ಅಕ್ಕಾರ, ಪಾಲಮೂರವ್ರು ಅಂದ್ರ ಯಾವ ಊರು, ಯಾರ ಮಂದಿ ಅಂತ ಯಾರೂ ಹುಡುಕೂದಿಲ್ಲರಿ. ಅದಕ್ಕ ನಾವು ಹೂಂ ಅಂತಿದ್ವಿ. ಒಬ್ಬರ ಮ್ಯಾಲ ಬಂದ ಅಪವಾದ ಅವರೊಬ್ಬರಿಗೇ ಮುಗೀತಿತ್ತು, ಊರ ಮಂದಿ ತನಕ ಹೋಗ್ತಿರಲಿಲ್ಲ" ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ನನ್ನ ತಮ್ಮ ಬಾಜೂ ಬಿಲ್ಡಿಂಗಿನ್ಯಾಗ ಅದಾನಲ್ಲರಿ, ಮುಂಜಾನಿ ಪೊಲೀಸರು ಅವನ್ನ ಕರಕೊಂಡು ಹೋಗ್ಯಾರ. ನಮ್ಮ ಊರ ಮಂದೀನ್ನೆಲ್ಲಾ ಕರಕೊಂಡು ಹೋಗ್ಯಾರ."

ಅವರು ಹೊರಟಾಗಲೂ ಆಕೆಯ ತಮ್ಮ ಬಂದಿರಲಿಲ್ಲ. ಆಮೇಲೆ ಬಂದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಈ ವರ್ಷ ಅದೇ ಪಾಠ ಬಂದಾಗ ಗ್ರೀಕರ ಮೇಲೆ ಸಿಟ್ಟು ಬರಲಿಲ್ಲ, ಹೆದರಿಕೆಯಾಯಿತು. ತಮ್ಮ ನಿಜವಾದ ಹೆಸರನ್ನು ಬೇಕೆಂದೇ ಹೇಳದೆ ಉಳಿದವರೂ ಅಲ್ಲಿ ಇದ್ದರೇನೋ.

ಆ ಕ್ಯಾಮರಾ ಈಗ ನಮ್ಮ ಮಹಡಿಯಲ್ಲಿದೆ, ಅದರ ಮುಖ ನನ್ನ ಬಾಗಿಲಿಗಿದೆ. ಮೊನ್ನೆ ಲಿಫ್ಟಿನಲ್ಲಿ, ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ನಗುತ್ತ, "ಮೇಡಂ, ನಿಮ್ಮದು ಯಾವ ಊರು?" ಎಂದು ಕೇಳಿದರು.

ಪಾಲಮೂರು ಎಂದೆ.