ಕಿಂಡಿಯಾಚೆಯ ರೇಷ್ಮಾ

ರೇಷ್ಮಾ ತನ್ನ ಮಗಳನ್ನು ದಾರದಿಂದ ಆಳುತ್ತಿದ್ದಳು.

ಶಿಗ್ಗಾಂವಿಯಲ್ಲಿ ನನ್ನ ಮನೆಗೂ ಅವಳ ಮನೆಗೂ ಸೇರಿ ಒಂದೇ ಮಣ್ಣಿನ ಗೋಡೆ. ಅದರಲ್ಲಿ ಮೊಳಕಾಲಿನ ಎತ್ತರಕ್ಕೆ ಒಂದು ಕಿಂಡಿ. ನನ್ನ ಅತ್ತೆಯ ಕಾಲದಲ್ಲಿ ಒಲೆ ಆರಿದವರು ಅದರಿಂದ ಕೆಂಡ ಇಸಿದುಕೊಳ್ಳುತ್ತಿದ್ದರಂತೆ. ರೇಷ್ಮಾ ಅದರಲ್ಲಿ ದಾರ ತೂರಿಸಿ ಒಂದು ತುದಿಯನ್ನು ತನ್ನ ಕಾಲಿನ ಹೆಬ್ಬೆರಳಿಗೆ, ಇನ್ನೊಂದನ್ನು ನನ್ನ ಅಡಿಗೆಮನೆಯಲ್ಲಿ ಕುಳಿತ ಮಗಳು ಅಲ್ಫಿಯಾಳ ಕೈಗೆ ಕಟ್ಟಿದ್ದಳು. ಎರಡು ಸಲ ಎಳೆದರೆ ಬಾಯಿ ಮುಚ್ಚು, ಒಂದು ಸಲ ಎಳೆದರೆ ಮಾತಾಡು. ಎತ್ತಿಗೆ ಮೂಗುದಾರ ನೋಡಿದ್ದೆ, ಕೂಸಿಗೆ ನೋಡಿರಲಿಲ್ಲ. ಹಾಗೆಂದು ಅವಳ ಮುಖಕ್ಕೇ ಹೇಳಿದೆ.

"ಹೌದ್ರೀ ಆಯಿ, ನೀವು ಹೇಳೂದು ಖರೇ ಐತಿ," ಅಂದಳು. ದಾರ ಮಾತ್ರ ಬಿಚ್ಚಲಿಲ್ಲ.

ಅದು ಕೊರೋನಾ ಬಂದ ವರ್ಷ. ಅವಳ ಗಂಡ ದಾದಾಪೀರ ಲಾರಿ ಡ್ರೈವರ. ಊರೆಲ್ಲ ಬಾಗಿಲು ಹಾಕಿಕೊಂಡಾಗಲೂ ಅವನ ಲಾರಿ ಈರುಳ್ಳಿ ಹೊತ್ತು ಓಡುತ್ತಿತ್ತು. ಅವನು ಮನೆ ಕಾಣುತ್ತಿದ್ದುದು ಹದಿನೈದು ದಿನಕ್ಕೊಮ್ಮೆ. ರೇಷ್ಮಾ ದಿನಾ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ, ಒಂದು ಬೀಜದ ಕಂಪನಿಯಲ್ಲಿ ರೈತರ ಫೋನಿಗೆ ಉತ್ತರ ಹೇಳುವ ಕೆಲಸ ಮಾಡುತ್ತಿದ್ದಳು. ಈಗ ಮನೆಯಿಂದಲೇ ಮಾಡು ಎಂದಿದ್ದರು. ಮನೆ ಅಂದರೆ ಒಂದೇ ಖೋಲಿ. ಅದರೊಳಗೆ ಅವಳ ಫೋನು, ಒಂದನೇ ಇಯತ್ತೆಯ ಮಗಳ ಮೊಬೈಲ್ ಶಾಲೆ, ಕುಕ್ಕರಿನ ಸೀಟಿ. ಫೋನಿನಲ್ಲಿ ಮನೆಯ ಸದ್ದು ಕೇಳಬಾರದು ಎಂದು ಕಂಪನಿಯ ತಾಕೀತು. ಅದಾಗಲೇ ಎರಡು ಸಲ ಕೇಳಿಸಿತ್ತು. ಒಮ್ಮೆ ಕುಕ್ಕರು, ಒಮ್ಮೆ ಅಲ್ಫಿಯಾಳ ಮಗ್ಗಿ. ಮೂರನೆಯದು ಕೇಳಿಸಿದರೆ ಕೆಲಸ ಹೋಯಿತು ಎಂದಿದ್ದರು. ಅದಕ್ಕೇ ಕೂಸನ್ನು ನನ್ನ ಕಡೆ ಕೂರಿಸಿದ್ದಳು.

ಕೆಲಸಕ್ಕೆ ಕೂರುವ ಮುಂಚೆ ಬಳೆ ತೆಗೆದು ಗೂಟಕ್ಕೆ ಹಾಕುವಳು. ಗಂಡ ಇದ್ದಾಕಿ ಬಳಿ ಬಿಚ್ಚಬಾರದು ಎಂದು ಬೈದರೆ, "ಬಳಿ ಇದ್ರ ನೌಕರಿ ಇರಂಗಿಲ್ಲ ಆಯಿ. ನೌಕರಿ ಹೋದ್ರ ಬಳಿ ಮಾರಬೇಕಾಕ್ಕೇತಿ" ಅನ್ನುವಳು. ಕಿವಿಗೆ ವಾಯರು ಸಿಕ್ಕಿಸಿಕೊಂಡು ಹಿಟ್ಟು ನಾದುವಳು, ಪರಾತ ಅಲುಗದಂತೆ ಕೆಳಗೆ ಗೋಣಿಚೀಲ ಹಾಸಿ. ಆ ಕಡೆಯವನು ಎಷ್ಟು ಕೆಟ್ಟ ಮಾತು ಬೈದರೂ "ಹೌದ್ರೀ ಯಪ್ಪಾ, ನೀವು ಹೇಳೂದು ಖರೇ ಐತ್ರಿ" ಅನ್ನುವಳು. ಮೊದಲು ನನಗೆ ಇವಳು ಬೆನ್ನೆಲುಬಿಲ್ಲದವಳು ಅನಿಸಿತ್ತು.

ನನ್ನ ಕಡೆಯದು ಬೇರೆ ಪಾಡು. ಮೊಬೈಲಿನೊಳಗಿನ ಟೀಚರು, "ಅಲ್ಫಿಯಾ, ಗಟ್ಟಿಯಾಗಿ ಓದಮ್ಮ" ಅನ್ನುತ್ತಿದ್ದರು. ಅದೇ ಹೊತ್ತಿಗೆ ದಾರ ಎರಡು ಸಲ ಜಗ್ಗುತ್ತಿತ್ತು. ಕೂಸು ತುಟಿ ಅಷ್ಟೇ ಆಡಿಸುತ್ತಿತ್ತು. ಇವಳಿಗೆ ಓದಲು ಬರುವುದಿಲ್ಲ, ಬರುವ ವರ್ಷವೂ ಒಂದನೇ ಇಯತ್ತೆಗೇ ಕೂರಿಸಿರಿ ಎಂದು ಟೀಚರು ಹೇಳಿಬಿಟ್ಟರು. ನಾನು ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಬರುವುದು ಯಾವುದು, ಬಾರದ್ದು ಯಾವುದು ಎಂದು ನನಗೂ ಗೊತ್ತಾಗುತ್ತದೆ. ಕೂಸಿನ ತುಟಿ ಒಂದಕ್ಷರವನ್ನೂ ಬಿಡುತ್ತಿರಲಿಲ್ಲ.

ಮೂರನೆಯ ಸದ್ದು ಮಾಡಿದವಳು ನಾನೇ.

ಅವತ್ತು ಫೋನು ಮಾಡಿದ ರೈತ ತನ್ನದು ಹಿರೇಬೆಂಡಿಗೇರಿ ಅಂದಿದ್ದ. ಅದು ನನ್ನ ತವರು. ರೇಷ್ಮಾ ಊರಿನ ಹೆಸರನ್ನು ಮತ್ತೊಮ್ಮೆ ಅಂದಾಗ ನನ್ನ ಕಿವಿ ಕಿಂಡಿಗೆ ಹೋಯಿತು. ಅವನು ಹೇಳಿದ್ದನ್ನೆಲ್ಲ ಅವಳು ತಿರುಗಿ ಅನ್ನುತ್ತಿದ್ದಳು. ಗೋವಿನಜೋಳದ ಸುಳಿಗೆ ಹುಳ ಬಿದ್ದಿವೆಯಂತೆ. ಅವಳು ಕಾಗದ ನೋಡಿ ಹುಳಕ್ಕೆ ಹೊಡೆಯುವ ಎಣ್ಣೆಯ ಹೆಸರು ಹೇಳಿದಳು. ಅಂಗಡಿ ಮುಚ್ಚಿವೆಯಂತೆ. ಅವಳು ಮತ್ತೆ ಅದೇ ಎಣ್ಣೆಯ ಹೆಸರು ಹೇಳಿದಳು. ನನಗೆ ತಡೆಯಲಾಗಲಿಲ್ಲ. ಕಿಂಡಿಗೆ ಬಾಯಿ ಹಚ್ಚಿ ಕೂಗಿದೆ: "ಸುಳಿಗೆ ಒಂದೊಂದು ಚಿಟಿಕಿ ಮಳಲ ಹಾಕು ಅನ್ನ ಅವಂಗ. ಅಂಗಡಿ ಮುಚ್ಚಿದ್ರ ಹಳ್ಳ ಮುಚ್ಚೇತೇನು?"

ಅವಳ ಕಾಲ್ಬೆರಳು ಎರಡು ಸಲ ಜಗ್ಗಿತು. ಕೂಸು ನನ್ನ ಬಾಯಿ ಮುಚ್ಚಿತು.

ಸ್ವಲ್ಪ ಹೊತ್ತಿಗೆ ಅವಳ ಸಾಹೇಬರ ಫೋನು ಬಂತು. ನಾನು ಕಿಂಡಿಯ ಪಕ್ಕದಲ್ಲೇ ಕುಳಿತಿದ್ದೆ. ಬಾಜೂ ಮನೆಯ ಮುದುಕಿ ಒದರಿದಳು ಎಂದು ಅವಳು ಹೇಳಬಹುದಿತ್ತು. ಹೇಳಿದರೆ ಸುಳ್ಳೂ ಆಗುತ್ತಿರಲಿಲ್ಲ.

"ಹೌದ್ರೀ ಸರ್, ನೀವು ಹೇಳೂದು ಖರೇ ಐತ್ರಿ. ಗೋಡಿಗೆ ಒಂದು ಕಿಂಡಿ ಐತ್ರಿ. ಅದನ್ನ ಮುಚ್ಚಬೇಕಿತ್ತು, ಮುಚ್ಚಲಿಲ್ಲ, ತಪ್ಪು ನಂದರಿ. ಇವತ್ತ ಮುಚ್ತೇನಿ. ಇದೊಂದ ಸಲ ನೋಡ್ರಿ."

ಅವರು ಏನಂದರೋ. ಬಹಳ ಹೊತ್ತು ಅವಳು ಬರೀ ಹೂಂಗುಟ್ಟಿದಳು. ಆಮೇಲೆ ನನ್ನ ಬಾಗಿಲಿಗೆ ಬಂದು ನಿಂತಳು. ಬೈಯುತ್ತಾಳೆ ಎಂದು ನಾನು ಎಲೆಗೆ ಸುಣ್ಣ ಹಚ್ಚುತ್ತ ಕುಳಿತೆ.

"ಮಳಲ ಹಾಕಿದ್ರ ಹುಳ ಖರೇನ ಸಾಯ್ತಾವೇನ್ ಆಯಿ?"

"ಸಾಯ್ತಾವ."

"ಹಂಗಾರ ಬರಕೋತೇನಿ. ನೌಕರಿ ಉಳದೇತಿ. ಒಂದು ಹಳೆ ಕೌದಿ ಇದ್ರ ಕೊಡ್ರಿ."

ಹಳೆ ಸೀರೆ ಸೇರಿಸಿ ಹೊಲಿದ ಕೌದಿಯನ್ನು ಕಿಂಡಿಗೆ ತುರುಕಿದವಳೂ ನಾನೇ. ದಾರಕ್ಕೆ ಅಂಚಿನಲ್ಲಿ ಜಾಗ ಬಿಟ್ಟೆ.

ಮರುದಿನ ಟೀಚರು ಓದು ಅಂದರು. ದಾರ ಎರಡು ಸಲ ಜಗ್ಗಿತು. ಕೂಸು ನನ್ನ ಮುಖ ನೋಡಿತು. "ಓದ ಬೇ, ಕೌದಿ ಐತಿ," ಅಂದೆ. ಒಲೆಯ ಮುಂದಿನ ಬೆಕ್ಕು ಎದ್ದು ಹೋಗುವಷ್ಟು ಗಟ್ಟಿಯಾಗಿ, ಕೆರೆ ಕೊಕ್ಕರೆಯ ಪಾಠವನ್ನು ಕಡೆಯತನಕ ಓದಿತು. ಟೀಚರು ಇನ್ನೊಮ್ಮೆ ಓದಿಸಿದರು. ಒಂದನೇ ಇಯತ್ತೆಗೇ ಕೂರಿಸುವ ಮಾತನ್ನು ಮತ್ತೆ ಎತ್ತಲಿಲ್ಲ.

ಸಂಜೆ ರೇಷ್ಮಾ ಬಳೆ ಏರಿಸಿಕೊಳ್ಳುತ್ತ ಬಂದಳು. "ಓದಿದ್ಲೇನ್ ಆಯಿ?"

"ಓದಿದ್ಲು. ಎರಡು ಕಡೆ ತಪ್ಪಿದ್ಲು."

"ನನಗ ಒಂದೂ ಕೇಳಲಿಲ್ಲ," ಅಂದಳು. ಮಗಳನ್ನು ಮನೆಗೆ ಕರೆದೊಯ್ದು ಓದಿಸಿದಳು. ಅಲ್ಫಿಯಾ ಪಿಸುಗುಟ್ಟಿತಂತೆ. ಎಷ್ಟು ಸಲ ಹೇಳಿದರೂ ಪಿಸುಗುಟ್ಟಿತಂತೆ. ಆ ಖೋಲಿಯಲ್ಲಿ ದನಿ ತೆಗೆಯಬಾರದು ಎಂಬುದು ಅದರ ಮೈಗೆ ಹತ್ತಿಬಿಟ್ಟಿತ್ತು. ಅವರು ಆ ಮನೆಯಲ್ಲಿ ಇರುವತನಕ ಕೂಸಿನ ಆ ರೂಢಿ ಬಿಡಲಿಲ್ಲ.

ರೋಗ ಇಳಿದ ಮೇಲೆ ಕಂಪನಿಯವರು ಎಲ್ಲರನ್ನೂ ವಾಪಸು ಕರೆದರು. ಕೂಸನ್ನು ಬಿಟ್ಟು ದಿನಾ ಬಸ್ಸು ಹತ್ತಲಾರೆ ಎಂದು ಅವಳು ಹುಬ್ಬಳ್ಳಿಯಲ್ಲೇ ಮನೆ ಹಿಡಿದಳು. ಸಾಮಾನಿನ ಟೆಂಪೋ ನಿಂತಿದ್ದಾಗ ಹೇಳಿಹೋಗಲು ಬಂದಳು. ನನಗೆ ಚಂದದ ಮಾತು ಬರುವುದಿಲ್ಲ.

"ಎರಡು ಖೋಲಿ ಮನಿ ಹಿಡದೀ ಇಲ್ಲೋ? ಒಂದು ಖೋಲಿ ಒದರಾಕ ಇರಬೇಕು."

"ಹೌದ್ರೀ ಆಯಿ," ಅಂದವಳು ಅಲ್ಲಿಗೇ ನಿಂತಳು. ಯಾವಾಗಲೂ ಅನ್ನುವ 'ನೀವು ಹೇಳೂದು ಖರೇ ಐತಿ'ಯನ್ನು ಈ ಸಲ ಅನ್ನಲಿಲ್ಲ. ಟೆಂಪೋದವನು ಹಾರನ್ ಹೊಡೆದ.

ಕೌದಿಯನ್ನು ಈಗ ತೆಗೆದಿದ್ದೇನೆ. ಆ ಕಡೆಯ ಖೋಲಿಗೆ ಇನ್ನೂ ಯಾರೂ ಬಂದಿಲ್ಲ. ದಾರ ಗಟ್ಟಿ ಇತ್ತು, ಬಿಸಾಡಲಿಲ್ಲ. ನನ್ನ ಕಡೆಯ ತುದಿಯನ್ನು ಮೊಳೆಯ ಮೇಲಿಂದ ಇಳಿಬಿಟ್ಟು ಒಂದು ಗೊಂಚಲು ಬೆಳ್ಳುಳ್ಳಿ ಕಟ್ಟಿದ್ದೇನೆ. ಆ ಕಡೆಯಿಂದ ಜಗ್ಗುವವರಿಲ್ಲ, ಬೆಳ್ಳುಳ್ಳಿ ಅಲುಗುವುದಿಲ್ಲ.