ಯಾವ ಕಾಫಿಯ ಬಣ್ಣ?

ಮಡಿಕೇರಿಯಲ್ಲಿ ನನ್ನ ಗಂಡ ಕಾರುಗಳಿಗೆ ಬಣ್ಣ ಹೊಡೆಯುತ್ತಾರೆ. ಗಿರಾಕಿಗಳ ಜತೆ ಮಾತು ನನ್ನದು; ಕಂಕುಳಲ್ಲಿ ಮಗುವಿದ್ದರೂ ಬಾಯಿ ಖಾಲಿಯೇ ಇರುತ್ತದಲ್ಲ.

ಪಾಲಿಬೆಟ್ಟದ ತೋಟದ ಅಮ್ಮನೊಬ್ಬರು ತಮ್ಮ ಹಳೆಯ ಕಾರನ್ನು ಕಳಿಸಿದ್ದರು. ಯುದ್ಧದ ಕಾಲದಲ್ಲಿ, ರಾತ್ರಿ ವಿಮಾನಗಳ ಕಣ್ಣಿಗೆ ಬೀಳದಿರಲೆಂದು ಅದಕ್ಕೆ ಕಪ್ಪು ಬಳಿದಿದ್ದರಂತೆ. ತಾವು ಮದುವೆಯಾಗಿ ಬಂದ ಕಾರಿನಲ್ಲೇ, ಮೊದಲಿನ ಬಣ್ಣದಲ್ಲೇ, ಸೊಸೆಯನ್ನೂ ಕರೆತರಬೇಕೆಂದು ಅವರ ಆಸೆ. ಮೊದಲು ಕಾಫಿ ಬಣ್ಣವಿತ್ತು ಎಂದು ಹೇಳಿಕಳಿಸಿದ್ದರು.

ನನ್ನವರು ಒಂದು ಬಾಗಿಲಿಗೆ ಕಂದು ಹೊಡೆದರು. ನೋಡಲು ಬಂದ ಅಮ್ಮ ಮೂಗು ಮುರಿದರು.

“ಇದೇನು, ಸಗಣಿ ಸಾರಿಸಿದ್ದೀರಾ?”

“ನೀವೇ ಕಾಫಿ ಅಂದಿರಲ್ಲಮ್ಮ?”

“ಲೋಟದ ಕಾಫಿ ಯಾರು ಹೇಳಿದ್ದು? ಗಿಡದ್ದು ಕಣೇ!”

“ಹಾಗಾದರೆ ಹಣ್ಣಿನ ಕೆಂಪೋ?”

“ನಿನ್ನ ತಲೆ! ಬರುವ ವಾರ ಮದುವೆ, ನೀವು ನನ್ನ ಕಾರನ್ನೇ ಕೆಡಿಸಿದಿರಿ,” ಎಂದು ಸೆರಗಿನಿಂದ ಆ ಬಾಗಿಲನ್ನು ಒರೆಸತೊಡಗಿದರು.

ಅಮ್ಮನ ಬಾಯಿ ನಂಬಿದರೆ ಕಾರಿಗೆ ಕಾಮನಬಿಲ್ಲು ಬಳಿಯಬೇಕಾದೀತೆಂದು ಬಾಗಿಲಿನ ಒಳಹಲಗೆ ಬಿಚ್ಚಿಸಿದೆ. ಮರೆಯ ಮೂಲೆಯೊಂದನ್ನು ಉಜ್ಜಿದಾಗ, ಕಪ್ಪಿನಡಿಯಲ್ಲಿ ಕೆನೆಯಂಥ ಬಿಳಿ ಕಂಡಿತು.

“ಇದೇ!” ಎಂದು ಅಮ್ಮ ಬೆರಳಿಟ್ಟು ಸವರಿದರು. “ನಾನು ಬಂದ ದಿನ ಬೇಸಿಗೆಯ ಹೂಮಳೆ ಮುಗಿದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು. ಕಾರು ಯಾವುದು, ಕಾಫಿ ಯಾವುದು ಗೊತ್ತಾಗುತ್ತಿರಲಿಲ್ಲ.”

“ಹೂವು ಅಂತ ಒಂದು ಮಾತು ಸೇರಿಸಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?”

“ಹೂ ಬಿಟ್ಟಾಗ ಬೇರೆ ಕಾಫಿ ಯಾರ ಕಣ್ಣಿಗೆ ಬೀಳುತ್ತದೆ?” ಎಂದು ನಕ್ಕುಬಿಟ್ಟರು.

ಸೊಸೆ ಬಿಳಿ ಕಾರಿನಲ್ಲೇ ಬಂದಳು. ಈಗ ತೋಟದವರು ಯಾರಾದರೂ ಕಾಫಿ ಬಣ್ಣ ಕೇಳಿದರೆ, ಯಾವ ತಿಂಗಳಿನದು ಎಂದು ಮೊದಲು ವಿಚಾರಿಸುತ್ತೇನೆ.